ಮೇಜಿನಿಂದ ಮೇಜಿಗೆ ಜಾದೂ: ದುಡ್ಡು ಕೊಟ್ಟು ಕರೆದ ಮೊದಲ ಸಂಜೆಯ ತಯಾರಿ

ಒಂದು ಸಂಸ್ಥೆಯ ವಾರ್ಷಿಕ ಸಂಜೆಕೂಟ. 160 ಅತಿಥಿಗಳು, ಎಂಟೆಂಟು ಜನ ಕೂರುವ 20 ದುಂಡು ಮೇಜು, ನನಗೆ ಕೊಟ್ಟ ಸಮಯ ಎರಡು ಗಂಟೆ. ವೇದಿಕೆ ಇಲ್ಲ, ಮೈಕ್ ಇಲ್ಲ. ಮೇಜಿನಿಂದ ಮೇಜಿಗೆ ಹೋಗಿ, ಕೂತವರ ಕಣ್ಣೆದುರೇ ನಿಂತು ಕೈಚಳಕ ತೋರಿಸಬೇಕು. ಇಲ್ಲಿಯವರೆಗೆ ಗೆಳೆಯರ ಮುಂದೆ, ನೆಂಟರಿಷ್ಟರ ಮುಂದೆ ಪುಕ್ಕಟೆ ತೋರಿಸಿದ್ದೇ ಎಲ್ಲ. ದುಡ್ಡು ಕೊಟ್ಟು ಕರೆದದ್ದು ಇದೇ ಮೊದಲು. ಹಾಗಾಗಿ ತಯಾರಿಯನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ, ಅದನ್ನೇ ಸ್ವಲ್ಪ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ಆಟಗಳ ಗುಟ್ಟು ಇದರಲ್ಲಿ ಸಿಗುವುದಿಲ್ಲ. ಗುಟ್ಟೆಲ್ಲ ಗೊತ್ತಿದ್ದವರೂ ಮೊದಲ ಬುಕಿಂಗ್ ಬಂದಾಗ ಕಂಗಾಲಾಗುವುದು ಬೇರೆಯದೇ ಕಾರಣಕ್ಕೆ. ನಾನು ತಲೆ ಕೆಡಿಸಿಕೊಂಡದ್ದು ಅದರ ಬಗ್ಗೆ.

ಆ ಕಾರಣ ಇಷ್ಟೇ: ಮನೆಯಲ್ಲಿ ಆಟವನ್ನು ಒಂದು ಸಲ ತೋರಿಸುತ್ತೇವೆ. ಇಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸಬೇಕು, ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ಹತ್ತು ಹೆಜ್ಜೆಯೊಳಗೆ ಎಲ್ಲವೂ ಮೊದಲಿನ ಸ್ಥಿತಿಗೆ ಬಂದಿರಬೇಕು. ಇದಕ್ಕೆ ನಮ್ಮವರು ರೀಸೆಟ್ ಅನ್ನುತ್ತಾರೆ. ಯಾವ ಆಟ ಎಷ್ಟು ಚೆಂದ ಅನ್ನುವುದಕ್ಕಿಂತ ಯಾವುದು ಎಷ್ಟು ಬೇಗ ರೀಸೆಟ್ ಆಗುತ್ತದೆ ಅನ್ನುವುದನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ತೀರ್ಮಾನಿಸಿದೆ.

ಗಡಿಯಾರದ ಲೆಕ್ಕ

ಆಯೋಜಕಿ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಎಲ್ಲಾ ಟೇಬಲ್‌ಗೂ ಹೋಗ್ತೀರಲ್ವಾ ಸರ್?”

“ಲೆಕ್ಕ ಹಾಕಿ ಸಂಜೆ ಹೇಳ್ತೀನಿ ಮೇಡಂ” ಅಂದೆ.

ಮೂರು ಆಟಕ್ಕೆ ಐದು ನಿಮಿಷ ಬೇಕು. ಮೇಜಿನ ಹತ್ತಿರ ಹೋಗಿ ಪರಿಚಯ ಹೇಳಿಕೊಂಡು ಅವರ ಮಾತು ನಿಲ್ಲುವವರೆಗೆ ಕಾಯಲು ಅರ್ಧ ಮುಕ್ಕಾಲು ನಿಮಿಷ. ಮುಗಿದ ಮೇಲೆ “ಇನ್ನೊಂದು, ಇನ್ನೊಂದೇ ಒಂದು” ಅನ್ನುವವರಿಂದ ಬಿಡಿಸಿಕೊಂಡು, ನಡೆದು, ಜೇಬು ಸರಿಮಾಡಿಕೊಳ್ಳಲು ಒಂದು ನಿಮಿಷಕ್ಕಿಂತ ಹೆಚ್ಚು. ಒಟ್ಟು ಏಳು ನಿಮಿಷ ಅಂತಿಟ್ಟುಕೊಂಡರೆ 120 ನಿಮಿಷದಲ್ಲಿ 17 ಮೇಜು. ಆದರೆ ಬಡಿಸುವ ಹೊತ್ತಿನಲ್ಲಿ 20 ನಿಮಿಷವಾದರೂ ನಾನು ಬದಿಗೆ ನಿಲ್ಲಬೇಕು. ಉಳಿದ 100 ನಿಮಿಷಕ್ಕೆ 14 ಮೇಜು. 20 ಆಗುವುದಿಲ್ಲ. ಮೇಜಿಗೆ ಎರಡೇ ಆಟ ಅಂತ ಇಳಿಸಿದರೆ ಆಗುತ್ತದೆ, ಆದರೆ ಆಗ ಒಬ್ಬರು ನೀರು ಚೆಲ್ಲಿದರೂ ಇಡೀ ಸಂಜೆಯ ಲೆಕ್ಕ ತಪ್ಪುತ್ತದೆ.

ಸಂಜೆ ಫೋನ್ ಮಾಡಿ ಇದನ್ನೇ ಹೇಳಿದೆ. ಜೊತೆಗೆ ಒಂದು ದಾರಿಯನ್ನೂ ಮುಂದಿಟ್ಟೆ: ಅತಿಥಿಗಳು ಬರುತ್ತಿರುವಾಗ, ಅವರಿನ್ನೂ ಗುಂಪುಗುಂಪಾಗಿ ನಿಂತಿರುವಾಗಲೇ ಅರ್ಧ ಗಂಟೆ ಶುರುಮಾಡುತ್ತೇನೆ, ಅದಕ್ಕೂ ಸೇರಿಸಿ ಎರಡೂವರೆ ಗಂಟೆಗೆ ಒಪ್ಪಂದ ಮಾಡಿಕೊಳ್ಳೋಣ. ನಿಂತ ಗುಂಪಿನಲ್ಲಿ ನೋಡಿದವರ ಮೇಜಿಗೆ ಆಮೇಲೆ ಹೋಗದಿದ್ದರೂ ಬೇಜಾರಾಗುವುದಿಲ್ಲ. ಆಕೆ ತಕ್ಷಣ ಒಪ್ಪಿದರು. ಸಂಖ್ಯೆ ಇಟ್ಟು ಮಾತಾಡುವವರ ಮೇಲೆ ಆಯೋಜಕರಿಗೆ ನಂಬಿಕೆ ಬೇಗ ಬರುತ್ತದೆ ಅಂತ ನನ್ನ ಅನಿಸಿಕೆ. “ಕನಿಷ್ಠ 14 ಮೇಜು, ಸಮಯ ಸಿಕ್ಕರೆ ಉಳಿದವು” ಅಂತ ಬರವಣಿಗೆಯಲ್ಲೂ ಹಾಕಿಸಿದೆ.

ಯಾವ ಆಟ ಉಳಿಯಿತು, ಯಾವುದು ಬಿತ್ತು

ನನಗೆ ಬರುವ ಆಟಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಐದು ಪ್ರಶ್ನೆ ಹಾಕಿದೆ. ಮೇಜಿನ ಮೇಲೆ ಜಾಗ ಬೇಕೇ? ನಡೆಯುತ್ತಲೇ ರೀಸೆಟ್ ಆಗುತ್ತದೆಯೇ? ಎದುರು ಬದಿಯಲ್ಲಿ ಕೂತವರಿಗೆ ಕಾಣುತ್ತದೆಯೇ? ಜೋರು ಸಂಗೀತದ ನಡುವೆ ನಡೆಯುತ್ತದೆಯೇ? ಮಧ್ಯದಲ್ಲಿ ಯಾರಾದರೂ ತಟ್ಟೆ ತಂದರೆ ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ತೆಗೆದುಕೊಂಡು ಹೊರಡಬಹುದೇ?

ಮೊದಲ ಪ್ರಶ್ನೆಗೇ ಹಾಳೆಯ ಅರ್ಧ ಖಾಲಿಯಾಯಿತು. ಊಟದ ಮೇಜಿನ ಮೇಲೆ ತಟ್ಟೆ, ಲೋಟ, ಫೋನು, ಕೈಚೀಲ, ನಡುವೆ ಹೂದಾನಿ. ಅಂಗೈಯಗಲದ ಜಾಗವೂ ಸಿಗದು. ಬಟ್ಟಲು ಚೆಂಡಿನ ಆಟ ಹೋಯಿತು, ನಾಲ್ಕು ನಾಣ್ಯ ನಾಲ್ಕು ಮೂಲೆಯಿಂದ ಒಂದೆಡೆ ಸೇರುವ ಆಟ ಹೋಯಿತು. ಎರಡೂ ನನ್ನ ಕೈಯಲ್ಲಿ ಚೆನ್ನಾಗಿ ಕೂತಿದ್ದವು, ಏನು ಮಾಡುವುದು. ಇಸ್ಪೀಟು ಕಟ್ಟಿನ ಎಲ್ಲ ಎಲೆಗಳನ್ನೂ ಒಂದು ಕ್ರಮದಲ್ಲಿ ಜೋಡಿಸಿಟ್ಟು ಆಡುವ ಆಟಗಳು ಎರಡನೇ ಪ್ರಶ್ನೆಗೆ ಬಿದ್ದವು: ಒಬ್ಬರು ಎಲೆ ಕಲಸಿಬಿಟ್ಟರೆ ಮತ್ತೆ ಜೋಡಿಸಲು ಮೂಲೆ ಹುಡುಕಿಕೊಂಡು ಹೋಗಬೇಕು.

ಬಿಡಲು ಮನಸ್ಸೇ ಬಾರದ ಒಂದಿತ್ತು, ಷಿಕಾಗೋ ಓಪನರ್. ಷಿಕಾಗೋದ ಬಾರ್ ಜಾದೂಗಾರ ಫ್ರ್ಯಾಂಕ್ ಎವರ್‌ಹಾರ್ಟ್ ಪ್ರಸಿದ್ಧಿಗೆ ತಂದ ಆಟ ಅದು. ಹೆಸರೇ ಹೇಳುವಂತೆ ಶುರುವಿಗೆ ಹೇಳಿ ಮಾಡಿಸಿದ್ದು, ರೀಸೆಟ್ಟೂ ಸುಲಭ. ಆದರೆ ಅದಕ್ಕೆ ಕಟ್ಟು ಮೊದಲೇ ಸ್ವಲ್ಪ ಸಿದ್ಧವಾಗಿರಬೇಕು. ನಾನೋ ಮುಂದಿನ ಮೇಜಿನಲ್ಲಿ ಅದೇ ಕಟ್ಟನ್ನು ಅತಿಥಿಗಳ ಕೈಗೆ ಕೊಟ್ಟು “ನೀವೇ ಕಲಸಿ” ಅನ್ನಬೇಕೆಂದಿದ್ದೆ. ಒಂದೇ ಕಟ್ಟಿನಿಂದ ಎರಡೂ ಆಗದು, ಮೂರನೇ ಕಟ್ಟಿಗೆ ಜೇಬಿಲ್ಲ. ಕೊನೆಗೆ ಅದನ್ನೇ ಕೈಬಿಟ್ಟೆ.

ಒಂದೇ ಸರಣಿಯನ್ನು ಎಲ್ಲ ಮೇಜಿಗೂ ತೋರಿಸುವ ಹಾಗೂ ಇಲ್ಲ. ಪಕ್ಕದ ಮೇಜಿನವರು ಕುರ್ಚಿ ತಿರುಗಿಸಿ ಆಗಲೇ ನೋಡಿಬಿಟ್ಟಿರುತ್ತಾರೆ, ಕೊನೆಯ ಬೆರಗು ಅವರಿಗೆ ಮೊದಲೇ ಗೊತ್ತಾಗಿಹೋಗಿರುತ್ತದೆ. ಹಾಗಾಗಿ ಎರಡು ಸರಣಿ, ಮೇಜು ಬಿಟ್ಟು ಮೇಜು.

ಒಂದನೇ ಸರಣಿ: ಎರಡು ರಬ್ಬರ್ ಬ್ಯಾಂಡ್ ಒಂದರೊಳಗೊಂದು ಹಾದುಹೋಗುವುದು, ಆಮೇಲೆ ಅತಿಥಿ ಸಹಿ ಹಾಕಿದ ಎಲೆ ಮತ್ತೆ ಮತ್ತೆ ಕಟ್ಟಿನ ಮೇಲಕ್ಕೆ ಬರುವುದು, ಕೊನೆಗೆ ಅದೇ ಎಲೆ ನನ್ನ ಪರ್ಸಿನೊಳಗೆ ಸಿಗುವುದು. ಬ್ಯಾಂಡಿಗೆ ರೀಸೆಟ್ಟೇ ಬೇಡ. ಸಹಿ ಹಾಕಿದ ಎಲೆಯನ್ನು ಅತಿಥಿಗೇ ಕೊಟ್ಟು ಬರುತ್ತೇನೆ, ಪರ್ಸು ತಾನಾಗಿಯೇ ಖಾಲಿ.

ಎಲೆ ಮೇಲೆ ಬರುವ ಈ ಆಟಕ್ಕೆ ಆಂಬಿಷಸ್ ಕಾರ್ಡ್ ಅಂತ ಹೆಸರು. ಯಾವ ಆಟವನ್ನೇ ಆಗಲಿ ಮೂರು ಸಲ ತೋರಿಸಿದರೆ ಗುಟ್ಟು ಹೇಳುತ್ತೇನೆ ಅನ್ನುತ್ತಿದ್ದ ಹೆಸರಾಂತ ಜಾದೂಗಾರ ಹ್ಯಾರಿ ಹೌಡಿನಿಯನ್ನು ಇನ್ನೊಬ್ಬ ಜಾದೂಗಾರ ಡೈ ವರ್ನನ್ 1922ರಲ್ಲಿ ಷಿಕಾಗೋದಲ್ಲಿ ಇದೇ ಜಾತಿಯ ಆಟದಿಂದ ತಬ್ಬಿಬ್ಬು ಮಾಡಿದ ಕತೆ ಜಾದೂಗಾರರಿಗೆಲ್ಲ ಬಾಯಿಪಾಠ. ಮತ್ತೆ ತೋರಿಸು, ಮತ್ತೆ ತೋರಿಸು ಅಂತ ಹೌಡಿನಿ ಕೇಳುತ್ತಲೇ ಹೋದನಂತೆ. ಊಟಕ್ಕೆ ಕೂತವರು ಹಾಗೆ ಕೇಳುವುದಿಲ್ಲ. ಮೂರನೇ ಸಲಕ್ಕೇ ಅವರ ಕಣ್ಣು ತಟ್ಟೆಯ ಕಡೆ ಹೋಗಿರುತ್ತದೆ. ಆದ್ದರಿಂದ ಎರಡು ಸಲ ನನ್ನ ಕೈಯಲ್ಲಿ, ಒಂದು ಸಲ ಅವರ ಅಂಗೈ ಮೇಲೆ, ಅಲ್ಲಿಂದ ಸೀದಾ ಪರ್ಸು. ಇನ್ನೊಂದು ಅನುಕೂಲ: ಎಲೆ ಒಂದೊಂದು ಸಲ ಮೇಲೆ ಬಂದಾಗಲೂ ಆಟ ಮುಗಿದಂತೆಯೇ ಕಾಣುತ್ತದೆ, ತಟ್ಟೆ ಬಂದರೆ ಅಲ್ಲಿಗೇ ಮುಗಿಸಬಹುದು.

ಎರಡನೇ ಸರಣಿ: ಉದ್ದ, ಮಧ್ಯಮ, ಗಿಡ್ಡ ಹೀಗೆ ಮೂರು ಹಗ್ಗ ಒಂದೇ ಅಳತೆಗೆ ಬರುವುದು, ಸ್ಪಾಂಜ್ ಚೆಂಡು ಅತಿಥಿಯ ಮುಚ್ಚಿದ ಮುಷ್ಟಿಯೊಳಗೆ ಎರಡಾಗುವುದು, ಕೊನೆಗೆ ಇನ್ವಿಸಿಬಲ್ ಡೆಕ್. ಹಗ್ಗದ ಆಟ ಹಳೆಯದು, ಬಿಡಿಬಿಡಿಯಾಗಿ ಎಲ್ಲರೂ ನೋಡಿದ್ದೇ; ಆದರೆ ಎಂಟು ಜನಕ್ಕೂ ಒಟ್ಟಿಗೆ ಕಾಣುವ ಆಟ ನನ್ನ ಹಾಳೆಯಲ್ಲಿ ಅದೊಂದೇ ಇತ್ತು, ಮುಗಿದಾಗ ಹಗ್ಗ ಮೊದಲಿನಂತೆಯೇ ಇರುತ್ತದೆ. ಸ್ಪಾಂಜ್ ಚೆಂಡಿನ ಆಟಕ್ಕೆ ಮಾತು ಬೇಕಿಲ್ಲ, ಸದ್ದೂ ಇಲ್ಲ. ಮುಷ್ಟಿ ಬಿಚ್ಚಿದವರು ಮಾತ್ರ ಕಿರುಚುತ್ತಾರೆ. ಆ ಕಿರುಚಾಟ ಪಕ್ಕದ ಮೇಜಿಗೆ ನನ್ನನ್ನು ನಾನು ಹೇಳದೆಯೇ ಪರಿಚಯ ಮಾಡಿಕೊಡುತ್ತದೆ. ಇನ್ವಿಸಿಬಲ್ ಡೆಕ್ ಈ ಹೆಸರು ಪಡೆಯುವ ಮುಂಚೆ, 1936ರಲ್ಲಿ ಜೋ ಬರ್ಗ್ ಹೊರತಂದ ಅಲ್ಟ್ರಾ ಮೆಂಟಲ್ ಡೆಕ್. ಅತಿಥಿ ಮನಸ್ಸಿನಲ್ಲಿ ಒಂದು ಎಲೆ ನೆನೆಯುತ್ತಾರೆ, ಕಟ್ಟನ್ನು ಬಿಡಿಸಿದರೆ ಅದೊಂದೇ ಎಲೆ ಮಗುಚಿಕೊಂಡಿರುತ್ತದೆ. ಅದನ್ನು ಸರಿಮಾಡಿ ಪೆಟ್ಟಿಗೆಗೆ ಹಾಕಿದರೆ ರೀಸೆಟ್ ಮುಗಿಯಿತು, ನಡೆಯುತ್ತಲೇ ಆಗುವ ಕೆಲಸ.

ಜೇಬು

ಅತಿ ಹೆಚ್ಚು ಕೂತು ಕೆಲಸ ಮಾಡಿದ್ದು ಇದರ ಮೇಲೆ. ಯಾವುದು ಎಲ್ಲಿರಬೇಕು ಅನ್ನುವುದು ತಲೆಯಲ್ಲಿದ್ದರೆ ಸಾಲದು, ಕೈಗೆ ಗೊತ್ತಿರಬೇಕು. ಅತಿಥಿಯ ಕಣ್ಣು ನೋಡಿ ಮಾತಾಡುತ್ತಿರುವಾಗ ಕೈ ತಾನಾಗಿ ಸರಿಯಾದ ಜೇಬಿಗೆ ಹೋಗಬೇಕು.

ಪ್ಯಾಂಟಿನ ಬಲಜೇಬಿಗೆ ಸ್ಪಾಂಜ್ ಚೆಂಡು, ಮತ್ತೇನೂ ಇಲ್ಲ. ಬೀಗದ ಕೈ, ಚಿಲ್ಲರೆ ಇದ್ದರೆ ಸ್ಪಾಂಜ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಚೂರುಚೂರು ಕಿತ್ತುಬರುತ್ತದೆ. ಎಡಜೇಬಿಗೆ ಹಗ್ಗ. ಕೋಟಿನ ಎಡ ಹೊರಜೇಬಿಗೆ ಇನ್ವಿಸಿಬಲ್ ಡೆಕ್, ಬಲ ಹೊರಜೇಬಿಗೆ ಮಾಮೂಲಿ ಕಟ್ಟು. ಎಡ ಒಳಜೇಬಿಗೆ ಪರ್ಸು, ಬಲ ಒಳಜೇಬಿಗೆ ಮಾರ್ಕರ್. ಬ್ಯಾಂಡುಗಳು ಎದೆಯ ಮೇಲಿನ ಸಣ್ಣ ಜೇಬಿನಲ್ಲಿ. ಫೋನು ಮೈಮೇಲೆ ಇರಲೇಬಾರದು, ಬ್ಯಾಗಿನಲ್ಲಿ.

ತೊಂದರೆ ಕೊಟ್ಟದ್ದು ಬಲ ಹೊರಜೇಬು. ಮಾಮೂಲಿ ಕಟ್ಟನ್ನು ಪೆಟ್ಟಿಗೆಯಿಲ್ಲದೆ ಇಡಬೇಕು, ಪ್ರತಿ ಮೇಜಿನಲ್ಲೂ ಪೆಟ್ಟಿಗೆ ಬಿಚ್ಚುತ್ತ ಕೂರಲು ಆಗದು. ಕೋಟಿನ ಜೇಬು 17 ಸೆಂಟಿಮೀಟರ್ ಅಗಲ, 19 ಆಳ. ಇಸ್ಪೀಟೆಲೆ 6.3 ಅಗಲ, 8.8 ಎತ್ತರ; 52 ಎಲೆ ಸೇರಿದರೆ ದಪ್ಪ ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಷ್ಟು ದೊಡ್ಡ ಜೇಬಿಗೆ ಬಿಟ್ಟರೆ ಕಟ್ಟು ಅಡ್ಡ ಮಲಗುತ್ತದೆ, ನಾಲ್ಕು ಹೆಜ್ಜೆ ಹಾಕುವುದರೊಳಗೆ ಎಲೆಗಳು ಹರಡಿಕೊಳ್ಳುತ್ತವೆ, ತೆಗೆಯುವಾಗ ಒಂದೆರಡು ಒಳಗೇ ಉಳಿಯುತ್ತವೆ.

ಪರಿಹಾರ: ಜೇಬಿನೊಳಗೆ ಒಂದು ಜೇಬು. ಕಟ್ಟಿನ ಅಗಲ 6.3, ದಪ್ಪ 1.6, ಎರಡೂ ಸೇರಿ 7.9, ಕೈಬೆರಳು ಆಡಲು ಒಂದು ಸೆಂಟಿಮೀಟರ್ ಸಡಿಲ ಬಿಟ್ಟು, ಮುಂಬದಿಯ ಅಂಚಿನಿಂದ 9 ಸೆಂಟಿಮೀಟರಿಗೆ ಚಾಕ್‌ಪೀಸಿನಿಂದ ಒಂದು ಉದ್ದಗೆರೆ ಎಳೆದೆ. ಆಮೇಲೆ ಆಳ. ಬೆರಳು ತೀರಾ ಒಳಗೆ ಮುಳುಗಬಾರದು, ಕಟ್ಟು ಹೊರಗೂ ಇಣುಕಬಾರದು. ಬಾಯಿಯಿಂದ ಎರಡೂವರೆ ಸೆಂಟಿಮೀಟರ್ ಕೆಳಗೆ ಕಟ್ಟಿನ ತುದಿ ಇರಬೇಕೆಂದರೆ ತಳ 11.3ಕ್ಕೆ ಬರಬೇಕು. ಅಲ್ಲಿ ಒಂದು ಅಡ್ಡಗೆರೆ. ಕೋಟಿನ ಕೆಳಅಂಚಿನಲ್ಲಿ ಲೈನಿಂಗಿನ ಹೊಲಿಗೆ ಒಂದು ಗೇಣು ಬಿಚ್ಚಿದರೆ ಜೇಬಿನ ಚೀಲ ಒಳಗೆ ನೇತಾಡುತ್ತಿರುವುದು ಸಿಗುತ್ತದೆ. ಅದನ್ನು ಹೊರಗೆಳೆದು ಈ ಎರಡು ಗೆರೆಯ ಮೇಲೆ ದೊಡ್ಡ ಟಾಕು ಹಾಕಿ, ಮತ್ತೆ ಒಳಗೆ ತಳ್ಳಿ ಲೈನಿಂಗ್ ಮುಚ್ಚಿದೆ. ಹೊರಗಿನ ಬಟ್ಟೆಗೆ ಸೂಜಿ ತಾಗಿಲ್ಲ, ಬೇಡವೆಂದಾಗ ಟಾಕು ಬಿಚ್ಚಬಹುದು. ಹೊಲಿಗೆ ಬಾರದವರು ಟೈಲರಿಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ, ಗೆರೆ ಮಾತ್ರ ನೀವೇ ಎಳೆದುಕೊಡಿ. ಈಗ ಕಟ್ಟು ಗೂಟದ ಹಾಗೆ ನೆಟ್ಟಗೆ ನಿಲ್ಲುತ್ತದೆ, ಹೆಬ್ಬೆರಳು ತೋರುಬೆರಳು ಇಳಿಬಿಟ್ಟರೆ ಅಂಚೇ ಸಿಗುತ್ತದೆ. ಪಕ್ಕದಲ್ಲಿ ಉಳಿದ 8 ಸೆಂಟಿಮೀಟರಿನಲ್ಲಿ ಒಂದು ಕರವಸ್ತ್ರ. ಊಟದ ಮೇಜಿನಲ್ಲಿ ಅದು ಎಷ್ಟು ಸಲ ಬೇಕಾಗುತ್ತದೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಎಲೆಗಳ ಲೆಕ್ಕವೂ ಇದಕ್ಕೇ ಸೇರಿದ್ದು. ಒಂದನೇ ಸರಣಿ ಏಳು ಮೇಜಿಗೆ, ನಿಂತ ಗುಂಪು ಐದಕ್ಕೆ ಅಂದರೆ ಸಹಿ ಹಾಕಿದ 12 ಎಲೆ ಅತಿಥಿಗಳ ಪಾಲು. 52ರಲ್ಲಿ 12 ಹೋದರೆ ಕಟ್ಟು ಮೂರೂವರೆ ಮಿಲಿಮೀಟರ್ ತೆಳ್ಳಗಾಗುತ್ತದೆ. ನೋಡುವವರಿಗೆ ತಿಳಿಯದು, ನನ್ನ ಬೆರಳಿಗೆ ತಿಳಿಯುತ್ತದೆ, ಹಿಡಿತ ಬದಲಾಗುತ್ತದೆ. ಮೇಲಾಗಿ ಊಟದ ಕೈಗಳು ಮುಟ್ಟಿದ ಎಲೆ ಜಿಡ್ಡಾಗಿ ಒಂದಕ್ಕೊಂದು ಅಂಟುತ್ತದೆ. ಬಡಿಸುವ ವಿರಾಮದಲ್ಲಿ ಹೊಸ ಕಟ್ಟಿಗೆ ಬದಲಾಯಿಸುವುದು ಅಂತ ತೀರ್ಮಾನವಾಯಿತು. ಹೊಸದೆಂದರೆ ಸೀಲು ಒಡೆಯದ್ದಲ್ಲ. ಸೀಲು ಒಡೆದ ತಕ್ಷಣದ ಎಲೆ ಕೈಯಿಂದ ಜಾರುತ್ತದೆ, ಒಂದೆರಡು ದಿನ ಕಲಸಿ ಪಳಗಿಸಿದ್ದೇ ಬೇಕು.

ಮಾರ್ಕರ್ ವಿಷಯದಲ್ಲಿ ಒಂದೇ ಮಾತು: ಮೊನೆ ದಪ್ಪಗಿದ್ದಷ್ಟೂ ಶಾಯಿ ಒಣಗುವುದು ತಡ. ನುಣುಪಾದ ಎಲೆಯ ಮೇಲೆ ಹಸಿ ಸಹಿ ಇಟ್ಟು ಮೇಲೊಂದು ಎಲೆ ಮುಚ್ಚಿದರೆ ಸಹಿ ಅದಕ್ಕೂ ಹತ್ತುತ್ತದೆ. ತೆಳುಮೊನೆಯ ಪೆನ್ನಿನ ಸಹಿಯನ್ನು ಹತ್ತು ಸೆಕೆಂಡ್ ಗಾಳಿಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿ ನೋಡಿದೆ, ಹರಡಲಿಲ್ಲ. ಆ ಹತ್ತು ಸೆಕೆಂಡ್ ಸುಮ್ಮನೆ ನಿಲ್ಲುವುದೂ ಚೆನ್ನಲ್ಲ. ಪಕ್ಕದಲ್ಲಿ ಕೂತವರಿಗೆ “ಸ್ವಲ್ಪ ಊದಿ, ಇನ್ನೂ ಜೋರಾಗಿ” ಅಂದರೆ ಶಾಯಿಯೂ ಒಣಗುತ್ತದೆ, ಮೇಜಿನಲ್ಲಿ ಮೊದಲ ನಗುವೂ ಬರುತ್ತದೆ.

ಕುರ್ಚಿಯ ಎತ್ತರದಿಂದ ನೋಡಿದರೆ

ಕನ್ನಡಿಯ ಮುಂದೆ ನಿಂತು ಮಾಡಿದ ಅಭ್ಯಾಸ ಇಲ್ಲಿ ಸಾಲದು. ಕನ್ನಡಿಯಲ್ಲಿ ನೋಡುವವರು ನನ್ನಷ್ಟೇ ಎತ್ತರ, ಸೀದಾ ಎದುರಿಗೆ. ಮೇಜಿನಲ್ಲಿ ಎಂಟು ಜನ ಸುತ್ತ ಕೂತಿರುತ್ತಾರೆ, ಅವರಲ್ಲಿ ಇಬ್ಬರು ನನ್ನ ಮೊಣಕೈ ಪಕ್ಕದಲ್ಲೇ.

ಮನೆಯ ಊಟದ ಮೇಜಿನ ಸುತ್ತ ಕುರ್ಚಿ ಹಾಕಿ, ತಟ್ಟೆಯ ಬದಲು ಪುಸ್ತಕ ಹರಡಿ, ಫೋನಿನ ಕ್ಯಾಮೆರಾವನ್ನು ನೆಲದಿಂದ 120 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿದೆ. ಕುರ್ಚಿಯಲ್ಲಿ ಕೂತ ದೊಡ್ಡವರ ಕಣ್ಣು ಹೆಚ್ಚುಕಡಿಮೆ ಅಲ್ಲಿರುತ್ತದೆ. ಪ್ರತಿ ಕುರ್ಚಿಗೂ ಫೋನನ್ನು ಒಂದೊಂದು ಸಲ ಸಾಗಿಸಿ ಅದೇ ಸರಣಿಯನ್ನು ಚಿತ್ರೀಕರಿಸಿದೆ.

ನೋಡಿದಾಗ ತಿಳಿದದ್ದು: ಎದುರಿನ ಕುರ್ಚಿಗಳಿಂದ ಭಯವಿಲ್ಲ. ಕೈ ಸೊಂಟದ ಮೇಲೆ, ಮೊಣಕೈ ಮಟ್ಟದಲ್ಲಿ ಇರುವಷ್ಟು ಹೊತ್ತೂ ಪಕ್ಕದವರಿಂದಲೂ ಭಯವಿಲ್ಲ, ಅವರು ಮೇಲಿನಿಂದ ಕೆಳಗೆ ನೋಡುತ್ತಾರೆ. ಆದರೆ ಎಲ್ಲರಿಗೂ ಕಾಣಲಿ ಅಂತ ಕೈ ಮುಖದ ಎತ್ತರಕ್ಕೆ ಹೋದ ಕೂಡಲೇ ಪಕ್ಕದ ಇಬ್ಬರಿಗೆ ಕೈಯ ಅಡಿ, ಎಲೆಯ ಬೆನ್ನು ಎಲ್ಲ ಕಾಣತೊಡಗುತ್ತದೆ. ಎತ್ತದೇ ಇರಲೂ ಆಗದು. ಐದಡಿ ಅಗಲದ ಮೇಜು, ನಾನು ಅಂಚಿನಿಂದ ಒಂದಡಿ ಹಿಂದೆ, ಎದುರಿನವರು ಕುರ್ಚಿಗೆ ಒರಗಿದ್ದಾರೆ ಅಂದರೆ ಅವರ ಕಣ್ಣಿಗೂ ನನ್ನ ಕೈಗೂ ಎರಡು ಮೀಟರ್ ದೂರ. ಎಲೆಯ ಮೂಲೆಯ ಅಂಕಿ ಮಂದ ಬೆಳಕಿನಲ್ಲಿ ಅಷ್ಟು ದೂರಕ್ಕೆ ಓದಲು ಬಾರದು.

ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಕೈಯಲ್ಲಿ ಮುಚ್ಚಿಡುವುದೇನೂ ಇಲ್ಲದಾಗ ಮಾತ್ರ ಕೈ ಮೇಲಕ್ಕೆ. ತೋರಿಸುವ ಎಲೆಯ ಹೆಸರನ್ನು ಗಟ್ಟಿಯಾಗಿ ಹೇಳುವುದು, “ಆಟೀನ್ ರಾಣಿ, ಸಹಿ ಇವರದ್ದೇ”. ಕಾಣದವರಿಗೆ ಕೇಳಲಿ. ರಬ್ಬರ್ ಬ್ಯಾಂಡ್ ಕಂದುಬಣ್ಣದ್ದು ಕೋಟಿನೆದುರು ಕಾಣುತ್ತಲೇ ಇರಲಿಲ್ಲ, ಹಳದಿ ಬಣ್ಣದ ಅಗಲ ಬ್ಯಾಂಡಿಗೆ ಬದಲಾಯಿಸಿದೆ. ಬಿಳಿ ಹಗ್ಗ ಕಪ್ಪು ಕೋಟಿಗೆ ಎದ್ದು ಕಾಣುತ್ತಿತ್ತು, ಅದರ ತುದಿಗಳು ಬಿಚ್ಚಿಕೊಳ್ಳದಂತೆ ಅಂಟು ಸವರಿದ್ದಷ್ಟೇ ಕೆಲಸ. ನಿಲ್ಲುವ ಜಾಗ: ಎಲ್ಲಿ ಕುರ್ಚಿ ಖಾಲಿಯಿದೆಯೋ, ಎಲ್ಲಿ ಎರಡು ಕುರ್ಚಿಯ ನಡುವೆ ಜಾಗ ಹೆಚ್ಚಿದೆಯೋ ಅಲ್ಲಿ. ಬೆನ್ನ ಹಿಂದೆ ಇನ್ನೊಂದು ಮೇಜಿದ್ದರೆ ಅಲ್ಲಿಂದಲೂ ಕಣ್ಣುಗಳಿರುತ್ತವೆ, ಗೋಡೆಯ ಕಡೆ ಬೆನ್ನು ಮಾಡುವುದೇ ಕ್ಷೇಮ. ಇದಕ್ಕೆಂದೇ ಆಯೋಜಕಿಯಿಂದ ಸಭಾಂಗಣದ ನಕ್ಷೆ ತರಿಸಿಕೊಂಡು, ಪ್ರತಿ ಮೇಜಿನ ಪಕ್ಕ ನಾನು ನಿಲ್ಲುವ ಜಾಗಕ್ಕೆ ಒಂದು ಚುಕ್ಕಿ ಇಟ್ಟೆ. ಹೂದಾನಿ ಎಷ್ಟು ಎತ್ತರ ಅಂತಲೂ ಕೇಳಿದೆ. ಆಕೆಗೆ ಅದು ವಿಚಿತ್ರವೆನಿಸಿತು, ಆದರೂ ಅಳೆದು ಹೇಳಿದರು.

ಮೊದಲ ಮಾತು

“ಡಿಸ್ಟರ್ಬ್ ಆಯ್ತಾ?” ಅಂತ ಶುರುಮಾಡಿದರೆ “ಹೌದು” ಅನ್ನುವುದು ಅವರಿಗೆ ಸುಲಭ. “ಒಂದು ಮ್ಯಾಜಿಕ್ ತೋರಿಸ್ಲಾ?” ಅಂದರೆ ಏನೋ ಮಾರಲು ಬಂದವರಂತೆ ನೋಡುತ್ತಾರೆ, ಕೊನೆಗೆ ದುಡ್ಡು ಕೇಳುತ್ತೇನೋ ಅನ್ನುವ ಅನುಮಾನ ಬೇರೆ. ನಾನು ಬರೆದುಕೊಂಡದ್ದು ಹೀಗೆ:

“ನಮಸ್ಕಾರ. ಈ ಸಂಜೆಗೆ ನಿಮ್ಮವರೇ ಕರೆಸಿರೋ ಜಾದೂಗಾರ ನಾನು. ಮೇಡಂ, ಇದನ್ನ ಒಂಚೂರು ಹಿಡ್ಕೊಳ್ತೀರಾ?”

ಮೂರೇ ವಾಕ್ಯ. ಯಾರು ಕರೆಸಿದ್ದು ಅನ್ನುವುದು ತಿಳಿಯಿತು, ದುಡ್ಡಿನ ಅನುಮಾನ ಹೋಯಿತು, ಬೇಕೋ ಬೇಡವೋ ಅಂತ ಯೋಚಿಸುವ ಮುಂಚೆಯೇ ಅವರ ಕೈಯಲ್ಲಿ ಹಗ್ಗವೋ ಬ್ಯಾಂಡೋ ಬಂದಿತು. ಯಾರ ಕೈಗೆ ಕೊಡಬೇಕು ಅನ್ನುವುದನ್ನು ಎರಡು ಮೇಜು ದೂರದಿಂದಲೇ ನೋಡಿಟ್ಟುಕೊಳ್ಳಬೇಕು. ಜೋರಾಗಿ ಮಾತಾಡುವವರಲ್ಲ, ಬೇರೆಯವರ ಮಾತಿಗೆ ಚೆನ್ನಾಗಿ ನಗುತ್ತಿರುವವರು. ಜೋರು ಗಂಟಲಿನವರು “ನಂಗೊತ್ತು ಬಿಡಿ, ತೋಳಲ್ಲಿದೆ” ಅನ್ನುವ ಜಾತಿ ಆಗಿರುವ ಸಂಭವ ಹೆಚ್ಚು. ಅಂಥವರು ಸಿಕ್ಕರೆ ವಾದ ಬೇಡ, ಕಟ್ಟನ್ನು ಅವರ ಕೈಗೇ ಕೊಟ್ಟು “ಹಾಗಾದ್ರೆ ನೀವೇ ಕಲಸಿ ಸರ್, ನನ್ನ ಕೈ ಮೇಲೆ ಕಣ್ಣಿಡಿ” ಅಂದರೆ ಕೆಲಸ ಸಿಕ್ಕ ಖುಷಿಯಲ್ಲಿ ಸುಮ್ಮನಾಗುತ್ತಾರೆ.

ಗಂಭೀರ ಮಾತುಕತೆ ನಡೆಯುತ್ತಿರುವ ಮೇಜು, ಫೋನಿನಲ್ಲಿ ಮುಳುಗಿದ ಮೇಜು, “ಬೇಡ” ಅಂದ ಮೇಜು: ನಕ್ಕು ಮುಂದೆ ಹೋಗುವುದು. ಸಂಭಾವನೆ ಕೊಡುವುದು ಆಯೋಜಕರು, ಅತಿಥಿಗಳ ತಲೆ ತಿನ್ನುವುದಕ್ಕಲ್ಲ.

ಬಡಿಸುವವರೇ ಮೊದಲು

ಊಟ ಬಂದರೆ ಜಾದೂ ಹಿಂದೆ ಸರಿಯಬೇಕು, ಇದರಲ್ಲಿ ಚೌಕಾಸಿ ಇಲ್ಲ. ಅತಿಥಿಗಳು ಬರುವ ಮುಂಚೆಯೇ ಬಡಿಸುವ ತಂಡದ ಮುಖ್ಯಸ್ಥರನ್ನು ಕಂಡು, ಯಾವ ಕಡೆಯಿಂದ ಬಡಿಸಲು ಶುರುಮಾಡುತ್ತೀರಿ ಅಂತ ಕೇಳುವುದು ಅಂತ ಬರೆದುಕೊಂಡೆ. ಅವರು ಒಂದನೇ ಮೇಜಿನಿಂದ ಶುರುಮಾಡಿದರೆ ನಾನು ಇಪ್ಪತ್ತನೆಯದರಿಂದ. ಮಧ್ಯೆ ಎದುರಾದರೆ ಅವರು ತಲೆಯಾಡಿಸುತ್ತಾರೆ, ನಾನು ನಡೆಯುತ್ತಿರುವ ಆಟವನ್ನು ಹತ್ತಿರದ ನಿಲುಗಡೆಯಲ್ಲಿ ಮುಗಿಸುತ್ತೇನೆ. ಈ ನಿಲುಗಡೆಗಳನ್ನು ಮಾತಿನಲ್ಲೂ ಸಿದ್ಧಮಾಡಿಕೊಂಡಿದ್ದೆ: “ಅಗೋ, ನನಗಿಂತ ಒಳ್ಳೆ ಮ್ಯಾಜಿಕ್ ಬಂತು, ಊಟ ಮಾಡಿ.”

ಕಾಗದ ಮತ್ತು ದುಡ್ಡು

ಒಂದು ಪುಟದ ಒಪ್ಪಂದ. ತಾರೀಕು, ಶುರುವಾಗುವ ಹೊತ್ತು, ಒಟ್ಟು ಅವಧಿ, ಅತಿಥಿಗಳ ಮತ್ತು ಮೇಜುಗಳ ಸಂಖ್ಯೆ, ಆ ಸಂಜೆ ಅಲ್ಲಿ ನಾನು ಯಾರನ್ನು ಕೇಳಬೇಕು, ಬ್ಯಾಗ್ ಇಡಲು ಬೀಗ ಹಾಕುವ ಜಾಗ, ಅರ್ಧ ಮುಂಗಡ, ಉಳಿದರ್ಧ ಕಾರ್ಯಕ್ರಮ ಮುಗಿದ ರಾತ್ರಿಯೇ, ರದ್ದಾದರೆ ಮುಂಗಡದ ಗತಿ. ಸಂಭಾವನೆ ಕೇಳುವಾಗ ಎರಡೂವರೆ ಗಂಟೆಗೆ ಮಾತ್ರ ಲೆಕ್ಕ ಹಾಕಲಿಲ್ಲ. ಹೋಗಿಬರುವ ಹೊತ್ತು, ಒಂದು ಗಂಟೆ ಮುಂಚೆ ತಲುಪುವುದು, ಎರಡು ಕಟ್ಟು ಇಸ್ಪೀಟು, ಹೊಸ ಬ್ಯಾಂಡು, ತಯಾರಿಗೆ ಕೂತ ಸಂಜೆಗಳು ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದೆ. “ಮೊದಲನೇ ಸಲ ಅಲ್ವಾ, ಪುಕ್ಕಟೆ ಮಾಡು, ಪ್ರಚಾರ ಸಿಗುತ್ತೆ” ಅಂತ ಉಪದೇಶ ಮಾಡಿದ ಗೆಳೆಯರಿಗೆ ನನ್ನ ಉತ್ತರ ಒಂದೇ: ಪುಕ್ಕಟೆ ಮಾಡಿದರೆ ಸಿಗುವ ಪ್ರಚಾರ “ಇವರು ಪುಕ್ಕಟೆ ಮಾಡ್ತಾರೆ” ಅನ್ನುವುದೇ.

ಆ ಸಂಜೆ, ಮತ್ತು ಮುಂದಿನದಕ್ಕೆ

ನಿಂತ ಗುಂಪುಗಳ ಅರ್ಧ ಗಂಟೆಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬೆಲೆ ಬಂತು. ಅಲ್ಲಿ ನೋಡಿದವರು ಮೇಜಿಗೆ ಹೋಗಿ ಪಕ್ಕದವರಿಗೆ ಹೇಳಿಟ್ಟಿದ್ದರು, ಎಷ್ಟೋ ಮೇಜಿನಲ್ಲಿ ನನ್ನ ಮೂರು ವಾಕ್ಯ ಮುಗಿಯುವ ಮುಂಚೆಯೇ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು. 15 ಮೇಜು ಮುಗಿಯಿತು. ಹೊಲಿದ ಜೇಬು ಕೊನೆಯವರೆಗೂ ಕಟ್ಟನ್ನು ನೆಟ್ಟಗೇ ಹಿಡಿದಿತ್ತು. ವಿರಾಮದಲ್ಲಿ ಕಟ್ಟು ಬದಲಾಯಿಸಿದ ಮೇಲೆ ಹಳೆಯದನ್ನು ಬೀಸಣಿಗೆಯಂತೆ ಬಿಡಿಸಲು ನೋಡಿದೆ, ನಾಲ್ಕೈದು ಎಲೆ ಒಟ್ಟೊಟ್ಟಿಗೇ ಬರುತ್ತಿದ್ದವು.

ಮುಂದಿನ ಬುಕಿಂಗಿಗೆ ಬದಲಾಗುವುದು ಇಷ್ಟು. ಹಗ್ಗದ ಆಟ ಎರಡೂ ಸರಣಿಯ ಶುರುವಿಗೆ ಬರುತ್ತದೆ. ಎದುರು ಬದಿಯವರನ್ನು ಅದು ಸೆಳೆದಷ್ಟು ಬ್ಯಾಂಡು ಸೆಳೆಯಲಿಲ್ಲ. ಬ್ಯಾಂಡು ಇನ್ನು ನಿಂತ ಗುಂಪುಗಳಿಗೆ ಮಾತ್ರ. ಖಾಲಿಯಾಗುವ ಎದೆಯ ಜೇಬಿಗೆ ಎರಡನೇ ಮಾರ್ಕರ್, ಯಾಕೆಂದರೆ ಸಹಿ ಹಾಕಿದವರು ಪೆನ್ನನ್ನು ಅಭ್ಯಾಸಬಲದಿಂದ ತಮ್ಮ ಜೇಬಿಗೇ ಸಿಕ್ಕಿಸಿಕೊಳ್ಳುತ್ತಾರೆ. ಒಪ್ಪಂದಕ್ಕೆ ಒಂದು ಸಾಲು ಹೆಚ್ಚು: ಮೇಜುಗಳ ಮೇಲಿನ ದೀಪ ಊಟ ಮುಗಿಯುವವರೆಗೆ ಮಂದ ಮಾಡಬಾರದು. ಷಿಕಾಗೋ ಓಪನರ್‌ಗೆ ಇನ್ನೂ ಜೇಬು ಸಿಕ್ಕಿಲ್ಲ. ಎಡ ಹೊರಜೇಬಿನ ಅಳತೆ ತೆಗೆದಿಟ್ಟಿದ್ದೇನೆ, ಅದೂ 17 ಅಗಲವೇ ಇದೆ.